ಟವಲ್ ಇಳಿಯುವವರೆಗೆ

ಆ ಭಾನುವಾರ ಮಧ್ಯಾಹ್ನ ಕೋಲಾರದ ಒಂದು ಚೌಟ್ರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇದ್ದವರು ಹೆಚ್ಚೆಂದರೆ ಅರವತ್ತು ಜನ. ಮುಂದಿನ ಸಾಲಿನಲ್ಲಿ ದೇವರಾಯಸಮುದ್ರದ ನನ್ನ ಅತ್ತೆ, ಎಂದರೆ ಸೋದರಮಾವನ ಹೆಂಡತಿ, ಎಪ್ಪತ್ತು ದಾಟಿದವರು. ಅವರ ಎಡಕ್ಕೆ ಟೊಮ್ಯಾಟೊ ಮಂಡಿಯಲ್ಲಿ ಕ್ರೇಟು ಹೊರುವ ನನ್ನ ಗೆಳೆಯ. ಬಲಕ್ಕೆ ನಾನು, ಒಂದು ಹೈಸ್ಕೂಲಿನ ಗುಮಾಸ್ತ. ಎದುರಿಗೆ ಹಲಗೆ ಜೋಡಿಸಿದ ವೇದಿಕೆಯ ಮೇಲೆ ಕೀಬೋರ್ಡಿನವನು, ಡೋಲಿನವನು, ಡ್ರಮ್ಮಿನವನು, ಒಬ್ಬ ಹಾಡುಗಾರ, ನಡುವೆ ಕುರ್ಚಿಯಲ್ಲಿ ನೆಟ್ಟಗೆ ಕೂತ ಕ್ಲಾರಿನೆಟ್ ಅಣ್ಣ. ಕ್ಯಾಲನೂರಿನವರು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ರೈತ, ಭಾನುವಾರ ಮಾತ್ರ ಕಲಾವಿದ. ಯಾರಿಗೂ ಏನೂ ಆಗದಿದ್ದ ಆ ಮಧ್ಯಾಹ್ನವನ್ನೇ ನಾನು ಮತ್ತೆ ಮತ್ತೆ ನೆನೆಯುವುದು. ಕೇಡು ಶುರುವಾದದ್ದು ಅಲ್ಲಿಂದಲೇ.

ಈ ಐವರ ಮೇಳ ತನ್ನದೆಂದು ಒಂದು ಹಾಡನ್ನೂ ನುಡಿಸುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಹಿಂದೆ ಮದುವೆ ಮೆರವಣಿಗೆಗಳಿಗೆ ಬರುತ್ತಿದ್ದ ಒಂದು ಬ್ಯಾಂಡ್ ಸೆಟ್ ಇತ್ತು. ಅದರ ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತು. ಹೆಂಗಸರು ರಾಗಿ ಬೀಸುವಾಗ ಹೇಳಿಕೊಳ್ಳುತ್ತಿದ್ದ ಪದವೊಂದನ್ನು ಅವರು ಕ್ಲಾರಿನೆಟ್ಟಿಗೆ ಎತ್ತಿಕೊಂಡು, ಒಂದೇ ಸಾಲನ್ನು ಹಿಂದೆ ಮುಂದೆ ತಿರುಗಿಸಿ, ಡೋಲಿನವನ ಜೊತೆ ಜಗಳವಾಡಿ, ರಾಜಿಯಾಗಿ, ಮೆರವಣಿಗೆ ಒಂದು ಬೀದಿ ದಾಟಿದರೂ ಬಿಡುತ್ತಿರಲಿಲ್ಲವಂತೆ. ಒಂದು ಸಲ ನುಡಿಸಿದಂತೆ ಇನ್ನೊಂದು ಸಲ ಇಲ್ಲ. ಅವರ ಕೊನೆಯ ಶಿಷ್ಯ ಈ ಕ್ಲಾರಿನೆಟ್ ಅಣ್ಣ. ಗುರುವಿನ ಧಾಟಿ ಉಳಿಯಲಿ ಎಂದು, ತಲೆ ನರೆತ ಮೇಲೆ ಈ ಮೇಳ ಕಟ್ಟಿದ್ದರು.

"ಸತ್ತೋರ ಜೋಡು ಮೆಟ್ಕೊಂಡು ನಡೀತಾವ್ರೆ," ಎಂದು ಆಡಿಕೊಳ್ಳುವವರಿದ್ದರು. ಅತ್ತೆ ಅಂಥವರನ್ನು ಬಿಡುತ್ತಿರಲಿಲ್ಲ. "ನಡೀಲಿ ಬಿಡ್ಲಾ. ನಿನ್ ಕಾಲಿಗೆ ಆ ಜೋಡು ಹತ್ತೋದೂ ಇಲ್ಲ," ಅನ್ನುತ್ತಿದ್ದರು. ಅವರಿಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. "ನನ್ ಮದುವೇಲಿ ಆ ಯಜಮಾನನೇ ಊದಿದ್ದಂತೆ. ನಾನು ಕೇಳೇ ಇಲ್ಲ ಕಣೋ ಅಳಿಯ. ತಲೆ ಬಗ್ಗಿಸ್ಕೊಂಡು ಅಳ್ತಾ ಕೂತಿದ್ದೆ. ಅವತ್ತು ಕೇಳ್ದಿದ್ದು ಈವಾಗ ಕೇಳಿಸ್ಕೊಳ್ತಾ ಇದೀನಿ."

ತಗಡಿನ ಶೆಡ್ಡು ಕಾದ ಹೆಂಚಿನಂತಾಗಿತ್ತು. ಬೀಸುವ ಪದ ಅರ್ಧಕ್ಕೆ ಬಂದಾಗ ಗೆಳೆಯ ಸೆಕೆ ತಾಳಲಾರದೆ ಹೆಗಲ ಮೇಲಿನ ಕೆಂಪು ಟವಲ್ ತೆಗೆದು ತಲೆಯ ಮೇಲೆ ಗಿರಗಿರ ತಿರುಗಿಸತೊಡಗಿದ. ಗಾಳಿಗೆ, ಅಷ್ಟೇ. ಮುಗಿಸಲು ಹೊರಟಿದ್ದ ಕ್ಲಾರಿನೆಟ್ ಅಣ್ಣ ಅದನ್ನು ಕಂಡರು. ಕಣ್ಣು ಅರಳಿತು. ಇಳಿಯುತ್ತಿದ್ದ ಸಾಲನ್ನು ಮತ್ತೆ ಮೇಲಕ್ಕೆತ್ತಿದರು. ಬೀಸುವ ಕಲ್ಲೂ ತಿರುಗುವುದು, ಟವಲ್ಲೂ ತಿರುಗುವುದು. ಗೆಳೆಯನ ಕೈ ಸೋತು ಟವಲ್ ಇಳಿದಾಗ ಹಾಡೂ ನಿಂತಿತು.

"ಏನ್ಲಾ, ನೀನೇನು ಅವ್ರಿಗೆ ಸ್ವಿಚ್ಚಾ?" ಎಂದು ಅತ್ತೆ ನಕ್ಕರು.

ಮುಂದಿನ ಕಾರ್ಯಕ್ರಮ ಮಾಲೂರಿನಲ್ಲಿ, ಇಟ್ಟಿಗೆ ಗೂಡಿನ ಯಜಮಾನರೊಬ್ಬರ ಮನೆಯ ಗೃಹಪ್ರವೇಶಕ್ಕೆ. ನಮ್ಮನ್ನು ಯಾರೂ ಕರೆದಿರಲಿಲ್ಲ. ಆದರೂ ಮೂವರೂ ಟವಲ್ ಹಾಕಿಕೊಂಡು ಹೋದೆವು. ಅತ್ತೆ ಸೊಸೆಗೆ "ಮಂಡಿ ನೋವಿನ ಡಾಕ್ಟ್ರ ಹತ್ರ" ಎಂದು ಸುಳ್ಳು ಹೇಳಿ ಬಂದಿದ್ದರು. ಅಲ್ಲಿ ಬೀಸುವ ಪದ ಇಪ್ಪತ್ತೆರಡು ನಿಮಿಷ ನಡೆಯಿತು. ಮುಳಬಾಗಿಲಿನ ಒಂದು ನಾಮಕರಣದಲ್ಲಿ ಮೂವತ್ತೊಂದು. ಒಬ್ಬರ ಟವಲ್ಲಾದರೂ ಆಡುತ್ತಿದ್ದರೆ ಹಾಡು ಮುಗಿಯುವುದಿಲ್ಲ, ಕೊನೆಯದು ಇಳಿದರೆ ಮುಗಿಯುತ್ತದೆ ಎಂಬುದು ಕ್ಲಾರಿನೆಟ್ ಅಣ್ಣನಿಗೂ ನಮಗೂ ಬಾಯಿಬಿಟ್ಟು ಹೇಳದ ಒಪ್ಪಂದವಾಯಿತು. ಗೆಳೆಯ ಎಲ್ಲವನ್ನೂ ಫೋನಿನಲ್ಲಿ ಹಿಡಿದಿಟ್ಟುಕೊಂಡು, ಮಂಡಿಯಲ್ಲಿ ಲೋಡು ಬರುವ ತನಕ ಕಿವಿಗೆ ಹಚ್ಚಿಕೊಂಡು ಕೂರುತ್ತಿದ್ದ. ಯಾವ ಊರಿನದು ಮೇಲು ಎಂದು ನಮ್ಮಲ್ಲಿ ವಾದ. ಮುಳಬಾಗಿಲಿನದು ಉದ್ದವೇನೋ ಸರಿ, ಆದರೆ ಮಾಲೂರಿನಲ್ಲಿ ಡೋಲು ನಿಂತು ಕ್ಲಾರಿನೆಟ್ ಒಂಟಿಯಾಗುವ ಜಾಗವಿದೆಯಲ್ಲ, ಅದನ್ನು ಕೇಳಿದವರಿಗೇ ಗೊತ್ತು ಎಂದು ನಾನು. "ನಿಂಗೆ ಯಾವಾಗ್ಲೂ ಒಂಟಿ ಅಳುನೇ ಬೇಕು," ಎಂದು ಅವನು. ನನ್ನ ಹೆಂಡತಿ ಒಂದು ದಿನ ಅನ್ನ ಬಡಿಸುತ್ತಾ ಕೇಳಿದಳು: "ಅದೇ ಹಾಡು, ಅದೇ ಜನ. ಏನಿದೆ ಅದ್ರಲ್ಲಿ?" ಉತ್ತರ ಹೇಳಲು ಹೋಗಿ ತುತ್ತು ಆರಿತು.

ನಾವು ಮೂವರೇ ಇದ್ದಿದ್ದರೆ ಚೆನ್ನಾಗಿತ್ತು. ನಮಗೆ ಅಷ್ಟು ಸಾಲಲಿಲ್ಲ. ಇಂಥ ಮೇಳಕ್ಕೆ ಅರವತ್ತು ಜನವೇ ಎಂದು ಹೊಟ್ಟೆ ಉರಿಯುತ್ತಿತ್ತು. ಮುಳಬಾಗಿಲಿನ ವೀಡಿಯೊದಲ್ಲಿ ನಾಲ್ಕು ನಿಮಿಷ ಕತ್ತರಿಸಿ ಫೋನುಗಳಿಗೆ ಕಳಿಸೋಣ ಎಂದ ಗೆಳೆಯ. "ಮೇಲೆ ಒಂದು ಸಾಲು ಬರ್ಕೊಡು ಗುರೂ. ನಿಂದು ಒಳ್ಳೇ ಕೈ." ನಾನು ಬರೆದುಕೊಟ್ಟೆ: ಟವಲ್ ಇಳಿದರೆ ಹಾಡು ನಿಲ್ಲುತ್ತದೆ, ಇಳಿಸಬೇಡಿ. ಇಪ್ಪತ್ತೇಳು ವರ್ಷ ಶಾಲೆಯ ಕಾಗದಗಳಲ್ಲಿ ಬರೆದ ಸಾಲುಗಳನ್ನು ಯಾರೂ ಎರಡು ಸಲ ಓದಿರಲಿಲ್ಲ. ಈ ಒಂದು ಸಾಲು ನಾಲ್ಕು ತಾಲ್ಲೂಕು ಸುತ್ತಿತು. ಬಸ್ಸಿನಲ್ಲಿ ಗುರುತಿಲ್ಲದವರ ಫೋನಿನಿಂದ ಬೀಸುವ ಪದ ಕೇಳಿಸಿದಾಗ ನಾನು ಪಕ್ಕಕ್ಕೆ ತಿರುಗಿ, "ಅದು ಬರ್ದಿದ್ದು ನಾನೇ," ಎಂದು ಹೇಳಿಕೊಂಡದ್ದೂ ಉಂಟು.

ಶ್ರೀನಿವಾಸಪುರದ ಕಾರ್ಯಕ್ರಮಕ್ಕೆ ಮೂರು ದಿನವಿರುವಾಗ ಕ್ಲಾರಿನೆಟ್ ಅಣ್ಣನ ಹೆಂಡತಿ ನನ್ನ ಶಾಲೆಗೆ ಬಂದರು. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೂರಿ ಅಂದರೂ ಕೂರದೆ, ಸೆರಗಿನ ಮರೆಯಿಂದ ದೊಡ್ಡ ಕಂದು ಕವರು ತೆಗೆದು ಮೇಜಿನ ಮೇಲಿಟ್ಟರು.

"ಎಕ್ಸ್‌ರೇ. ಶ್ವಾಸಕೋಶ ಹಾಳಾಗೈತೆ ಅಂದವ್ರೆ ಡಾಕ್ಟ್ರು. ಹೃದಯಕ್ಕೂ ಭಾರ ಬೀಳ್ತೈತಂತೆ. ಊದೋದು ಬಿಟ್ಟುಬಿಡಿ ಅಂದ್ರು."

"ಅಣ್ಣ ಏನಂದ್ರು?"

"ಏನಂತಾರೆ. ಕೊಟ್ಟಿಗೇಲಿ ಹೋಗಿ ಕೂತ್ರು." ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಬೇಡಿಕೊಂಡೆ, ಜಗಳ ಆಡ್ದೆ, ಎರಡು ದಿನ ಊಟ ಬಿಟ್ಟೆ. ಕೊನೇಗೆ ಇಷ್ಟಕ್ಕೆ ಒಪ್ಪವ್ರೆ. ಶ್ರೀನಿವಾಸಪುರದ್ದೊಂದು ಮುಗಿಸಿ ಬಿಟ್ಟುಬಿಡ್ತೀನಿ, ಅದೂ ಹತ್ತೇ ನಿಮಿಷ ಅಂತ. ಆದ್ರೆ ಟವಲ್ ಆಡ್ತಿದ್ರೆ ನನ್ನ ಕೈಲಿ ನಿಲ್ಸಕ್ಕಾಗಲ್ಲ ಅಂತಾರೆ. ಟವಲ್ ಇಳಿದ ಗಳಿಗೇಗೆ ನಿಲ್ಲಿಸ್ತೀನಿ ಅಂತ ಹಾಲಿನ ಕ್ಯಾನು ಮುಟ್ಟಿ ಆಣೆ ಮಾಡವ್ರೆ. ಆ ಟವಲ್ ನಿಮ್ದಂತಲ್ಲಣ್ಣ."

"ಹತ್ತು ನಿಮಿಷ ಅಕ್ಕಾ. ಒಂದು ನಿಮಿಷ ಹೆಚ್ಚಾಗಲ್ಲ. ನಾನಿದೀನಲ್ಲ."

ಅವರು ಕವರನ್ನು ಮತ್ತೆ ಸೆರಗಿನ ಮರೆಗೆ ಸೇರಿಸಿಕೊಂಡು ಹೋದರು. ನಾನು ಅಂದೇ ಗೆಳೆಯನಿಗೂ ಅತ್ತೆಗೂ ಹೇಳಿದೆ. ಇಬ್ಬರೂ ಒಪ್ಪಿದರು. ಮೂರು ಟವಲ್ ಇಳಿದರೆ ಕೆಲಸವಾಯಿತು ಎಂದು ಮೂವರೂ ನಂಬಿದೆವು. ಮೇಳದವರಿಗಾಗಲಿ, ಕಾರ್ಯಕ್ರಮ ಇಟ್ಟುಕೊಂಡವರಿಗಾಗಲಿ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಣ್ಣನ ಕಾಯಿಲೆಯ ಸುದ್ದಿ ಬೀದಿಗೆ ಬರಬಾರದು ಎಂಬ ಮರ್ಯಾದೆಯೂ ಇತ್ತು. ಆ ಮರ್ಯಾದೆಯನ್ನು ಸುಡಬೇಕಿತ್ತು.

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದು ಮಂಡಿಗಳು ಖಾಲಿಯಾಗಿದ್ದವು. ಅಂಥ ಒಂದು ಮಂಡಿಯ ದೊಡ್ಡ ತಗಡಿನ ಚಾವಣಿಯ ಕೆಳಗೆ ಕಾರ್ಯಕ್ರಮ. ನಾವು ಮೂರು ಗಂಟೆಗೇ ಹೋಗಿ ಮುಂದೆ ಕೂತೆವು. ಹಣ್ಣು ಸುರಿಯುವ ಜಾಗದಲ್ಲೆಲ್ಲ ಕುರ್ಚಿ. ಕುರ್ಚಿ ಸಾಲದೆ ಕ್ರೇಟು ಬೋರಲು ಹಾಕಿಕೊಂಡು ಜನ. ಇಷ್ಟು ಜನರನ್ನು ನೋಡಿ ನನಗೆ ಮೊದಲು ಆದದ್ದು ಸಂತೋಷ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ನನ್ನ ಸಾಲನ್ನೇ ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದರು. ಅದನ್ನೂ ನಾನು ಸಂತೋಷದಿಂದಲೇ ಓದಿದೆ.

ನಾಲ್ಕಕ್ಕೆ ಶುರುವಾಯಿತು. ಮೊದಲು ಒಂದೆರಡು ಹಾಡು, ಆಮೇಲೆ ಬೀಸುವ ಪದ. ಕ್ಲಾರಿನೆಟ್ ಅಣ್ಣ ಮೊದಲ ಸಾಲನ್ನು ಇಟ್ಟಾಗ ನಾವು ಮೂವರೂ ಟವಲ್ ಎತ್ತಿದೆವು. ಅವರು ನನ್ನ ಕಡೆ ನೋಡಿ ತಲೆ ಆಡಿಸಿದರು. ನಾನು ಗಡಿಯಾರ ನೋಡಿಕೊಂಡೆ.

ಇನ್ನು ಹೇಳುವುದು ನನಗೆ ಕಷ್ಟ. ಹತ್ತನೆಯ ನಿಮಿಷಕ್ಕೆ ಡೋಲು ತಟ್ಟನೆ ನಿಂತಿತು. ಮಾಲೂರಿನಲ್ಲಿ ಆಗಿತ್ತಲ್ಲ, ಅದೇ ಜಾಗ. ಕ್ಲಾರಿನೆಟ್ ಒಂಟಿಯಾಯಿತು. ಅತ್ತೆ ಟವಲ್ ಮಡಿಲಿಗಿಳಿಸಿ ನನ್ನ ಮುಖ ನೋಡಿದರು. ಗೆಳೆಯನೂ ಇಳಿಸಿದ. ನಾನು ಇಳಿಸಲಿಲ್ಲ. ಈ ಒಂದು ತಿರುವು ಮುಗಿಯಲಿ, ಇನ್ನೆಂದೂ ಕೇಳಲು ಸಿಗುವುದಿಲ್ಲ ಎಂದುಕೊಂಡೆ. "ಲೇ ಅಳಿಯ," ಎಂದು ಅತ್ತೆ ಮೊಣಕೈಯಿಂದ ತಿವಿದರು. "ಇಳಿಸ್ತೀನಿ ಇರಿ," ಎಂದೆ. ಇಳಿಸಿದಾಗ ಹನ್ನೆರಡು ನಿಮಿಷ ಕಳೆದಿತ್ತು.

ಹಾಡು ನಿಲ್ಲಲಿಲ್ಲ.

ಕ್ಲಾರಿನೆಟ್ ಅಣ್ಣ ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು. ತಿರುಗಿ ನೋಡಿದೆ. ಮಂಡಿಯ ಆ ಗೋಡೆಯವರೆಗೂ ಟವಲ್ಲುಗಳು. ಕೆಂಪು, ಹಸಿರು, ಚೌಕಳಿ, ಹೆಂಗಸರ ಕೈಯಲ್ಲಿ ದುಪಟ್ಟಾ, ಕರ್ಚೀಫು. ಎಲ್ಲ ತಿರುಗುತ್ತಿದ್ದವು. ಯಾರಿಗೂ ಇಳಿಸುವ ಮನಸ್ಸಿರಲಿಲ್ಲ. ಇಳಿಸಬೇಡಿ ಎಂದು ಹೇಳಿಕೊಟ್ಟವನು ನಾನೇ.

ನಾನು ಎದ್ದು ಓಡಿದೆ. ಸಾಲು ಸಾಲಿಗೆ ನುಗ್ಗಿ, "ಇಳಿಸ್ರಪ್ಪಾ, ದಮ್ಮಯ್ಯ, ಇಳಿಸಿ," ಎಂದು ಎರಡೂ ಕೈ ಮೇಲೆ ಕೆಳಗೆ ಆಡಿಸಿದೆ. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಕೈ ಆಡಿಸುವುದು ಮಾತ್ರ ಕಾಣುತ್ತಿತ್ತು. ವೀಡಿಯೊದಲ್ಲಿ ನನ್ನ ಮುಖ ಕಂಡಿದ್ದವರು ಗುರುತು ಹಿಡಿದು, ಕುಣಿಸಲು ಬಂದಿದ್ದಾನೆಂದು ಎದ್ದು ನಿಂತರು. ನಾನು ಹೋದ ಸಾಲುಗಳಲ್ಲೇ ಟವಲ್ಲು ಹೆಚ್ಚು ಜೋರಾಯಿತು. ಒಬ್ಬನ ಕೈ ಹಿಡಿದು ಎಳೆದು ಇಳಿಸಿದೆ. ಅವನು ನಗುತ್ತಾ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ವೇದಿಕೆಯ ಮೆಟ್ಟಿಲಿಗೆ ಬಂದರೆ ಎದೆಗೆ ಬ್ಯಾಡ್ಜು ಹಾಕಿಕೊಂಡವನೊಬ್ಬ ಅಡ್ಡ ನಿಂತ. "ಯಜಮಾನ್ರೇ, ಮೇಲೆ ಹತ್ತಂಗಿಲ್ಲ."

"ಅವರಿಗೆ ಹುಷಾರಿಲ್ಲಪ್ಪಾ. ಊದಬಾರ್ದು ಅವ್ರು. ನಿಲ್ಸು."

"ಯಾರಿಗೆ ಹುಷಾರಿಲ್ಲ?" ಅವನು ಹಿಂದೆ ತಿರುಗಿ ನೋಡಿ ನಕ್ಕ. "ಹೆಂಗೆ ಊದ್ತಾವ್ರೆ ನೋಡಿ. ನಂಗೇ ಆ ದಮ್ಮಿಲ್ಲ."

ನಿಜ. ಅಷ್ಟು ಚೆನ್ನಾಗಿ ಅವರು ಎಂದೂ ಊದಿರಲಿಲ್ಲ. ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಕಣ್ಣು ಮುಚ್ಚಿದ್ದವು.

ಅಷ್ಟರಲ್ಲಿ ಗೆಳೆಯ ಪಕ್ಕಕ್ಕೆ ಬಂದ. "ಕರೆಂಟು ಕಿತ್ತುಬಿಡ್ತೀನಿ ಗುರೂ," ಎಂದು ಸೌಂಡಿನವರ ಮೇಜಿನ ಹಿಂದೆ ನುಸುಳಿ ದಪ್ಪ ವೈರನ್ನು ಎಳೆದೇಬಿಟ್ಟ. ಮೈಕು ಸತ್ತಿತು. ಕೀಬೋರ್ಡು ನಿಂತಿತು. ಏನಾಯಿತೆಂದು ತಿಳಿಯದೆ ಡೋಲಿನವನೂ ಡ್ರಮ್ಮಿನವನೂ ಕೈ ನಿಲ್ಲಿಸಿದರು. ಜನ ಒಂದು ಕ್ಷಣ ಹೋ ಎಂದರು, ಮರುಕ್ಷಣ ಉಸಿರು ಬಿಗಿಹಿಡಿದು ಸುಮ್ಮನಾದರು. ಆ ದೊಡ್ಡ ಚಾವಣಿಯ ಕೆಳಗೆ ಕ್ಲಾರಿನೆಟ್ ಒಂದೇ ಉಳಿಯಿತು. ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳಿಸಬೇಕಲ್ಲ, ಅದಕ್ಕೆ ಅವರು ಕುರ್ಚಿಯಿಂದ ಎದ್ದು ನಿಂತು, ಮೊದಲಿಗಿಂತ ಎರಡು ಪಟ್ಟು ಬಲ ಹಾಕಿ ಊದತೊಡಗಿದರು. ಗೆಳೆಯ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದ. "ಏನ್ ಮಾಡಿಬಿಟ್ಟೆ ನಾನು," ಎಂದ. ಸೌಂಡಿನವರು ಅವನನ್ನು ಹಿಡಿದು ದಬ್ಬುತ್ತಿದ್ದರು. ನಾನು ಮೆಟ್ಟಿಲ ಬಳಿಯೇ ನಿಂತಿದ್ದೆ. ಅಲ್ಲಿಂದ ಕ್ಲಾರಿನೆಟ್ ಅಣ್ಣನ ಉಸಿರು ಕೇಳಿಸುತ್ತಿತ್ತು. ಸಾಲು ಸಾಲಿನ ನಡುವೆ, ಬಾವಿಯ ತಳದಿಂದ ಖಾಲಿ ಬಿಂದಿಗೆ ಎಳೆದಂಥ ಸದ್ದು.

ಅತ್ತೆ ಯಾವಾಗ ಎದ್ದು ಬಂದರೋ ನಾನು ಕಾಣಲಿಲ್ಲ, ನೋಡಿದಾಗ ಮೆಟ್ಟಿಲು ಹತ್ತುತ್ತಿದ್ದರು. ಮುದುಕಿಯನ್ನು ಬ್ಯಾಡ್ಜಿನವನು ತಡೆಯಲಿಲ್ಲ. ಮಂಡಿ ನೋವಿಗೆ ಮೆಟ್ಟಿಲಿಗೊಂದು ಸಲ ನಿಂತು ಹತ್ತಿ, ಅವರು ಕ್ಲಾರಿನೆಟ್ ಅಣ್ಣನ ಎದುರಿಗೆ ಹಲಗೆಯ ಮೇಲೆ ಕಾಲು ಚಾಚಿ ಕೂತರು, ಬೀಸುವ ಕಲ್ಲಿನ ಮುಂದೆ ಕೂರುವ ಹಾಗೆ. ರಾಗಿ ಮುಗಿದಾಗ ಕಲ್ಲಿಗೆ ಕೈಮುಗಿದು ಹೇಳುವ ಸಾಲೊಂದಿದೆ. ಅದನ್ನು ಹೇಳಿದ ಮೇಲೆ ಯಾರೂ ಕಲ್ಲು ತಿರುಗಿಸುವಂತಿಲ್ಲ. ತಿರುಗಿಸಿದರೆ ಮನೆಗೆ ಒಳ್ಳೆಯದಲ್ಲವೆಂದು ನಮ್ಮ ಕಡೆಯ ಹಿರಿಯರು ಹೆದರುತ್ತಿದ್ದರು. ಅತ್ತೆ ಒಡಕು ದನಿಯಲ್ಲಿ ಆ ಸಾಲನ್ನು ಹೇಳಿದರು. ಕ್ಲಾರಿನೆಟ್ ಅಣ್ಣ ಕಣ್ಣು ತೆರೆಯಲಿಲ್ಲ. ಅತ್ತೆ ಎರಡನೆಯ ಸಲ ಹೇಳಿದರು, ಮೂರನೆಯ ಸಲ ಹೇಳಿದರು. ಅಣ್ಣನ ತಾಯಿಯೂ ಅದನ್ನೇ ಹೇಳಿ ಕಲ್ಲು ಬಿಟ್ಟಿರಬೇಕು. ಕ್ಲಾರಿನೆಟ್ ಅಣ್ಣ ಕಣ್ಣು ಬಿಟ್ಟು ಎದುರಿಗೆ ಕೂತವರನ್ನು ನೋಡಿದರು. ಆ ಕೊನೆಯ ಸಾಲನ್ನು ಅತ್ತೆಯ ಜೊತೆಗೇ ಒಂದು ಸಲ ನುಡಿಸಿ, ವಾದ್ಯ ಕೆಳಗಿಳಿಸಿದರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಅಣ್ಣ ಕೈ ಮುಗಿಯಲು ಹೋಗಿ ಹಾಗೇ ಡೋಲಿನ ಮೇಲೆ ವಾಲಿದರು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಮಾವಿನ ಮಂಡಿಯವರ ಜೀಪಿನಲ್ಲಿ ಕೋಲಾರದ ಆಸ್ಪತ್ರೆಗೆ ಹೊರಟೆವು. ಮುಂದೆ ಅತ್ತೆ, ಹಿಂದೆ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು. ದಾರಿಯುದ್ದಕ್ಕೂ ನಾನು ಹೇಳಿದ್ದು ಒಂದೇ: ಅಣ್ಣಾ, ಮೆಲ್ಲಗೆ ಉಸಿರು ತಗೊಳ್ಳಿ. ಅವರ ಹೆಂಡತಿಗೆ ಫೋನು ಮಾಡಿದವನು ಗೆಳೆಯ. ನನಗೆ ಧೈರ್ಯವಾಗಲಿಲ್ಲ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು. ಮನೆಗೆ ಬಂದ ಮೇಲೆ ನಾನೊಬ್ಬನೇ ಕ್ಯಾಲನೂರಿಗೆ ಹೋದೆ. ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. ಹಾಲಿನ ಖಾಲಿ ಕ್ಯಾನು ಗೋಡೆಗೆ ಒರಗಿತ್ತು. ಒಂದು ಮಾತಿಗೆ ಒಂದು ಉಸಿರು ಬೇಕಾಗುತ್ತಿತ್ತು.

"ಎಷ್ಟಾಯ್ತು?" ಎಂದರು.

ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಹಾಡು ಎಷ್ಟು ಹೊತ್ತು ನಡೆಯಿತೆಂದು ಕೇಳುತ್ತಿದ್ದರು. "ನಲವತ್ಮೂರು ನಿಮಿಷ, ಅಣ್ಣ."

"ಗುರುಗಳು... ಆವನಿ ಊರ ಮದುವೇಲಿ... ನಲವತ್ತು." ಅವರು ಮೂರು ಬೆರಳು ಎತ್ತಿ ತೋರಿಸಿ ನಕ್ಕರು. ನಮ್ಮ ಮೂವರಿಗಿಂತ ದೊಡ್ಡ ಅಭಿಮಾನಿ ಆ ವೇದಿಕೆಯ ಮೇಲೇ ಕೂತಿದ್ದ ಎಂಬುದು ಅವತ್ತು ನನಗೆ ಗೊತ್ತಾಯಿತು. ಅದರಿಂದ ನನ್ನ ಎರಡು ನಿಮಿಷ ಹಗುರವಾಗಲಿಲ್ಲ.

ಅವರ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ಅಕ್ಕಾ, ಹತ್ತಕ್ಕೆ ಇಳಿಸಬೇಕಿತ್ತು. ನಾನು ಹನ್ನೆರಡಕ್ಕೆ ಇಳಿಸ್ದೆ," ಎಂದೆ. ಅದನ್ನು ಹೇಳಲೆಂದೇ ಹೋಗಿದ್ದೆ. ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಾಫಿ ತಂದು ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟರು. ಕುಡಿದೆ. ಹೊರಡುವ ಗಡಿಬಿಡಿಯಲ್ಲಿ ನನ್ನ ಟವಲ್ ಅಲ್ಲೇ ಬಿಟ್ಟು ಬಂದೆ. ಬಸ್ಸು ಹತ್ತಿದ ಮೇಲೆ ಹೆಗಲು ಮುಟ್ಟಿ ನೋಡಿಕೊಂಡೆ. ವಾಪಸ್ಸು ಹೋಗಿ ಕೇಳುವ ಮುಖ ಇರಲಿಲ್ಲ.

ಮುಂದಿನ ತಿಂಗಳು ಶಾಲೆಯ ಕೆಲಸದ ಮೇಲೆ ಬೆಳಿಗ್ಗೆ ಆ ದಾರಿಯಲ್ಲಿ ಹೋಗಬೇಕಾಯಿತು. ಕ್ಯಾಲನೂರಿನ ಡೈರಿಯ ಮುಂದೆ ಬಸ್ಸು ನಿಂತಿತು. ಅವರ ಹೆಂಡತಿ ನನ್ನ ಟವಲ್ಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, ಅದರ ಮೇಲೆ ಹಾಲಿನ ಕ್ಯಾನು ಹೊತ್ತು, ಒಬ್ಬರೇ ನಡೆದು ಬಂದು ಸಾಲಿನಲ್ಲಿ ನಿಂತರು.